ಬೆಂಕಿ ತಾಗಬಾರದ ಮೈ

ಚಕ್ರವರ್ತಿಯ ಕಾಲು ಬಾತು ಇಪ್ಪತ್ತು ದಿನವಾಗಿತ್ತು. ಬಾವು ಮೊಣಕಾಲು ದಾಟಿ ತೊಡೆಗೆ ಏರಿತ್ತು. ಎದೆ ಮುಟ್ಟಿದರೆ ಆಸೆ ಬಿಡಬೇಕೆಂದು ಹೇಳಿ ವೈದ್ಯ ಯಸುನಾಗ ತಲೆ ತಗ್ಗಿಸಿ ಕೂತುಬಿಟ್ಟಿದ್ದ.

ಮದ್ದಿಲ್ಲವೆಂದಲ್ಲ. ಕ್ಯೋಟೊದ ಯಾವ ಗಾಣದವನ ಕಾಲು ಬಾತರೂ ಒಣಗಿದ ಮಾಚಿಪತ್ರೆಯನ್ನು ಕಡಲೆಯಷ್ಟು ಉಂಡೆ ಮಾಡಿ, ಮೊಣಕಾಲ ಕೆಳಗಿಟ್ಟು ಕಿಡಿ ತಾಗಿಸಿ ಚುಟಿಕೆ ಹಾಕುತ್ತಾರೆ. ಚುರ್ರೆನ್ನುತ್ತದೆ, ಕಲೆ ಉಳಿಯುತ್ತದೆ, ಬಾವು ಇಳಿಯುತ್ತದೆ. ಆದರೆ ಸೂರ್ಯವಂಶದವನು ಗಾದಿಯ ಮೇಲಿರುವಷ್ಟು ದಿನ ಅವನ ಮೈಗೆ ಬೆಂಕಿ ತಾಗಬಾರದು, ಸೂಜಿ ಚುಚ್ಚಬಾರದು. ಗಾಣದವನಿಗಿರುವ ಭಾಗ್ಯ ಚಕ್ರವರ್ತಿಗಿಲ್ಲ. ಇಂಥ ದೊಡ್ಡತನವನ್ನು ಸುಟ್ಟುಹಾಕಬೇಕು.

ಹರಿಮಾ ಅವನಿಗೆ ಮೊಲೆಹಾಲು ಕೊಟ್ಟು ಸಾಕಿದವಳು. ಲೋಕಕ್ಕೆ ಅವನು ದೇವರಾದರೆ ಅವಳಿಗೆ ಮಗ. ಅವಳಿಗೆ ತಡೆಯಲಾಗಲಿಲ್ಲ.

"ಬುದ್ಧಿ, ಗಾದಿ ಬಿಟ್ಬಿಡಿ. ಇವತ್ತು ಇಳಿದ್ರೆ ಇವತ್ತೇ ಚುಟಿಕೆ ಹಾಕ್ತೀನಿ."

"ಇಳಿದ್ರೆ ನನ್ನ ಮಗ ಮಿಚಿನ ಹತ್ತಿಸ್ತಾರೆ. ಆರು ವರ್ಷದ ಮಗು, ಅಮ್ಮ, ಅದು. ರಾಜ್ಯ ಆಳೋ ಸೇನಾಪತಿ ಅದಕ್ಕೇ ಕಾಯ್ತಿದಾನೆ, ಮಗು ಆದ್ರೆ ಎದುರಾಡಲ್ಲ ಅಂತ."

"ಮಿಚಿ ಗಟ್ಟಿ ಹುಡುಗ. ಗುಡ್ಡದ ಮಠದಲ್ಲಿ ಜವೆಗೋಧಿ ಗಂಜಿ ಕುಡ್ಕೊಂಡು ಮರ ಹತ್ಕೊಂಡು ಬೆಳೆದೋನು."

"ನಾನು ಹದಿನೆಂಟು ವರ್ಷ ಈ ಪರದೆ ಹಿಂದೆ ಕೂತೆ. ಯುದ್ಧ ನಿಲ್ಸಕ್ಕಾಗ್ಲಿಲ್ಲ. ಊರು ಉರಿಯೋದು ತಪ್ಸಕ್ಕಾಗ್ಲಿಲ್ಲ. ಯಾರೋ ಬರೆದಿದ್ದಕ್ಕೆ ಮುದ್ರೆ ಒತ್ತಿದೆ, ಅಷ್ಟೇ. ಆ ಕೂಸಿಗೂ ಇದೇ ಗತೀನಾ?"

"ನೀವು ಸತ್ರೂ ಅವನೇ ತಾನೇ ಕೂರೋದು? ಅಪ್ಪ ಇಲ್ದೆ ಕೂರೋ ಬದ್ಲು ಅಪ್ಪ ಇದ್ದೇ ಕೂರ್ಲಿ. ನಿಮ್ಮ ಬಾಯಿಗೆ ಮೊದಲ ತುತ್ತಿಟ್ಟೋಳು ನಾನು. ನಿಮ್ಮ ಹೆಣ ನೋಡೋ ಹಾಗೆ ಮಾಡ್ಬೇಡಿ."

ಅವನು ಗಾದಿ ಬಿಡುವ ಪತ್ರಕ್ಕೆ ಮುದ್ರೆ ಒತ್ತಿದ.

ಸೇನಾಪತಿಯ ಒಪ್ಪಿಗೆ ಎರಡೇ ದಿನದಲ್ಲಿ ಬಂತು. ವಂಶದ ಕತ್ತಿ ಮತ್ತು ಮಣಿಯನ್ನು ಮಿಚಿಯ ಮುಂದಿಟ್ಟು ಅವನನ್ನು ಗಾದಿಗೇರಿಸಿದರು. ಅದೇ ಮಧ್ಯಾಹ್ನ ಹರಿಮಾ ಒಂದೊಂದು ಕಾಲಿಗೆ ಮೂರರಂತೆ ಆರು ಉಂಡೆ ಇಟ್ಟು ಕಿಡಿ ತಾಗಿಸಿದಳು. ಹಳೆಯ ಚಕ್ರವರ್ತಿ ಕೆಳತುಟಿ ಕಚ್ಚಿಕೊಂಡ. ಹೊಸ ಚಕ್ರವರ್ತಿ ತನಗಿಂತ ಭಾರದ ನಿಲುವಂಗಿಯೊಳಗಿಂದ ಇಣುಕಿ ನೋಡಿದ.

"ನೋವಾಯ್ತಾ ಅಪ್ಪ?"

"ಇಲ್ಲ ಕಣೋ. ಸ್ವಲ್ಪ ಬಿಸಿ, ಅಷ್ಟೇ."

ಅರಮನೆ ಬಿಟ್ಟು ಗುಡ್ಡದ ಮನೆಗೆ ಹೋಗಿ, ಹರಿಮಾಳ ಕೈಯ ಜವೆಗೋಧಿ ಗಂಜಿ ಕುಡಿಯುತ್ತ, ತಿಂಗಳೊಳಗೆ ತಂದೆ ಎದ್ದು ಓಡಾಡಿದ. ತಾನು ಗೆದ್ದೆನೆಂದು ಹರಿಮಾ ಅಂದುಕೊಂಡಳು.

ಮರುವರ್ಷ ಎಲೆ ಕೆಂಪಾಗುವ ಹೊತ್ತಿಗೆ ಅರಮನೆಯಿಂದ ಕರೆ ಬಂತು. ಮಿಚಿಯ ಕಾಲೂ ಬಾತಿತ್ತು. ಚಕ್ರವರ್ತಿ ಜವೆಗೋಧಿ ಮುಟ್ಟಬಾರದು, ಅದು ಬಡವರ ಊಟ. ವರ್ಷವಿಡೀ ಮಿಚಿಗೆ ಬೆಳ್ಳಗಿನ ಅನ್ನವನ್ನೇ ಉಣ್ಣಿಸಿದ್ದರು. ಹರಿಮಾ ಅವನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬಿತ್ತು. ಬೆರಳು ತೆಗೆದರೂ ಗುಳಿ ತುಂಬಲಿಲ್ಲ. ಬಾವು ಹೊಟ್ಟೆಯವರೆಗೆ ಬಂದಿತ್ತು. ಗಾದಿ ಬಿಡಿ ಎಂದ ನಾಲಿಗೆ ತನ್ನದೇ ಎಂಬುದನ್ನು ಅವಳು ಮರೆತಿರಲಿಲ್ಲ. ಅದನ್ನು ಕಿತ್ತುಕೊಳ್ಳಬೇಕೆನಿಸಿತು.

ತಂದೆ ನೇರ ಮಂತ್ರಿಯ ಬಳಿ ಹೋದ. "ಅವನನ್ನ ಇಳಿಸಿ. ನನ್ನನ್ನೇ ಮತ್ತೆ ಕೂರಿಸಿ. ಹಿಂದೆಯೂ ಹೀಗೆ ಇಳಿದೋರು ಮತ್ತೆ ಹತ್ತಿದ್ದುಂಟು."

"ನಿಲುವಂಗಿಯ ಅಂಚು ಸ್ವಲ್ಪ ಎತ್ತಬೇಕು, ಪ್ರಭು," ಎಂದ ಮಂತ್ರಿ ವಿನಯದಿಂದ.

ಆರು ಕಲೆಗಳು ಹಾಗೇ ಇದ್ದವು.

"ಬೆಂಕಿ ಮುಟ್ಟಿದ ಮೈ. ಇನ್ನು ಗಾದಿ ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ಬೇರೆ ಯಾರನ್ನಾದ್ರೂ ಕೂರಿಸಿ."

"ಯಾರಿದಾರೆ ಪ್ರಭು? ವಂಶದಲ್ಲಿ ಉಳಿದಿರೋದು ನೀವಿಬ್ರೇ. ಗಾದಿ ಬರಿದಾಗ್ಬಾರ್ದು."

ಹದಿನೆಂಟು ವರ್ಷ ಯಾರಿಗೂ ತಲೆಬಾಗದವನು ಚಾಪೆಗೆ ಹಣೆ ಹಚ್ಚಿ ಬೇಡಿಕೊಂಡ. ಗಾಬರಿಯಾದ ಮಂತ್ರಿಯೂ ಹಣೆ ಹಚ್ಚಿದ. ಇಬ್ಬರೂ ಹಾಗೇ ಬಿದ್ದುಕೊಂಡಿದ್ದರು. ಅದರಿಂದ ಮಗುವಿನ ಬಾವೇನೂ ಇಳಿಯಲಿಲ್ಲ.

ಹರಿಮಾ ಕದ್ದಾದರೂ ಸುಟ್ಟೇಬಿಡುತ್ತೇನೆಂದು ಹೊರಟಳು. ಮಿಚಿಯ ಕೋಣೆಯ ಬಾಗಿಲಲ್ಲಿ ಕಾವಲಿನವರು ಅವಳ ಅಂಗಿಯ ತೋಳು ತಡವಿ ಚಕಮಕಿ ಕಲ್ಲು ಕಿತ್ತುಕೊಂಡರು. ಮಾಚಿಪತ್ರೆಗೆ ಅಡ್ಡಿಯಿಲ್ಲ ಎಂದರು. ಒಳಗೆ ಹತ್ತು ಜನ ಕಣ್ಣು ಕೀಳದೆ ಕೂತಿದ್ದರು. ದೀಪವನ್ನು ದೂರ ಸರಿಸಿದ್ದರು.

ಮಿಚಿಗೆ ಉಸಿರಾಡಲು ಕಷ್ಟವಾಗಿತ್ತು. "ಅಜ್ಜಿ, ನಂಗೂ ಚುಟಿಕೆ ಹಾಕು. ಅಪ್ಪಂಗೆ ವಾಸಿ ಆಯ್ತಲ್ಲ."

ಹರಿಮಾ ಆರು ಉಂಡೆ ಕಟ್ಟಿದಳು. ಒಂದೊಂದು ಕಾಲಿಗೆ ಮೂರರಂತೆ, ತಣ್ಣಗಿನ ಉಂಡೆಗಳನ್ನು ಮೊಣಕಾಲ ಕೆಳಗಿಟ್ಟಳು. ಅಂಗೈಯಿಂದ ಅವನ ಕಣ್ಣು ಮುಚ್ಚಿದಳು.

"ಹೊತ್ತಿಸಿದ್ಯಾ?"

"ಹೂಂ ಕಣಪ್ಪ."

ಮಿಚಿ ಕೆಳತುಟಿ ಕಚ್ಚಿಕೊಂಡ. ತಂದೆ ಅವನ ಪಕ್ಕ ಬಂದು ಕೂತ. ಅವನ ಕೈ ಹಿಡಿದು ಕೇಳಿದ, "ನೋವಾಯ್ತಾ, ಮಗು?"

"ಇಲ್ಲ ಅಪ್ಪ," ಎಂದ ಮಿಚಿ. "ಸ್ವಲ್ಪ ಬಿಸಿ, ಅಷ್ಟೇ."