ಗೋಡೆ ಹತ್ತಿದ ಪಾದ

ನನ್ನನ್ನು ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಇದೇನು ಎಂದು ಕೇಳುತ್ತಾರೆ. ಅವರ ತಪ್ಪೇನಿಲ್ಲ. ನನ್ನ ಮೈ ಗೋಡೆಗೆ ಪುಟ್ಟಿ ಬಳಿಯುವ ಉಕ್ಕಿನ ಪಟ್ಟಿ. ನನ್ನ ಪಾದ ಹಳೆಯ ಹೊಲಿಗೆ ಮೆಷಿನ್ನಿನದು. ಹಿಡಿಯೋ, ಮುರಿದ ಲಟ್ಟಣಿಗೆಯ ತುಂಡು. ಬಾಯಲ್ಲಿರುವುದು ಕಟ್ಟರ್ ಬ್ಲೇಡಿನ ಒಂದೇ ಹಲ್ಲು. ಇಂಥ ರೂಪ ಇಟ್ಟುಕೊಂಡು ನಾನು ಚೆಲುವ ಎಂದರೆ ನೀವು ಮತ್ತೊಮ್ಮೆ ನಕ್ಕೀರಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನ್ನನ್ನು ಹೆತ್ತವಳಿಗೂ ನಾನು ಮುದ್ದಾಗಿಯೇ ಕಂಡೆ. ನನಗೆ ಅಷ್ಟು ಸಾಕು.

ನಾನು ವಾಲ್‌ಪೇಪರ್ ಅಂಚು ಕತ್ತರಿಸುವ ಸಾಧನ. ಗೋಡೆಗೆ ಕಾಗದ ಅಂಟಿಸಿದಾಗ ಮೇಲೂ ಕೆಳಗೂ ನಾಲ್ಕು ಬೆರಳಿನಷ್ಟು ಹೆಚ್ಚಾಗಿ ಉಳಿದಿರುತ್ತದೆ. ಅದನ್ನು ನೇರವಾಗಿ ಕತ್ತರಿಸಿ ತೆಗೆಯುವುದು ನನ್ನ ಕಸುಬು. ಕೇಳಲು ಸುಲಭ. ಆದರೆ ಆ ಹೊತ್ತಿಗೆ ಕಾಗದ ಅಂಟಿನಲ್ಲಿ ನೆನೆದು, ನೀರು ಬಿದ್ದ ಹಪ್ಪಳದಂತೆ ಮೆತ್ತಗಾಗಿರುತ್ತದೆ. ಬ್ಲೇಡು ತುಸು ಎಳೆದರೂ ಹರಿದುಹೋಗುತ್ತದೆ. ಅದಕ್ಕೇ ಕೆಲಸಗಾರರು ಎಡಗೈಯಲ್ಲಿ ಉಕ್ಕಿನ ಪಟ್ಟಿ ಹಿಡಿದು ಕಾಗದವನ್ನು ಗೋಡೆಗೆ ಒತ್ತುತ್ತಾರೆ, ಬಲಗೈಯಲ್ಲಿ ಕಟ್ಟರ್ ಎಳೆಯುತ್ತಾರೆ. ಅದು ಎರಡು ಕೈಯ ಕೆಲಸ. ನನ್ನ ಯಜಮಾನ ಮಾದಯ್ಯನಿಗೆ ಬಲವಿರುವ ಕೈ ಒಂದೇ ಉಳಿದದ್ದರಿಂದ ನಾನು ಹುಟ್ಟಬೇಕಾಯಿತು.

ನಾನು ಹುಟ್ಟುವ ಮೊದಲಿನ ಕತೆಯೆಲ್ಲ ನನಗೆ ತಿಳಿದದ್ದು ನನ್ನ ಹಿಡಿಯಿಂದ. ಅದು ಬಹಳ ವರ್ಷ ಅವರ ಅಡುಗೆಮನೆಯಲ್ಲಿ ಚಪಾತಿ ಒತ್ತಿದ್ದು. ಆ ಮನೆಯ ಯಾವ ಗುಟ್ಟೂ ಅದಕ್ಕೆ ಹೊಸದಲ್ಲ.

ಮೈಸೂರಿನ ಒಂದು ಸಣ್ಣ ಬೀದಿಯಲ್ಲಿ ಪುಟ್ಟಮಾದಯ್ಯ, ಚಿಕ್ಕತಾಯಮ್ಮ ಎಂಬ ಗಂಡಹೆಂಡಿರು. ಅವನು ವಾಲ್‌ಪೇಪರ್ ಅಂಟಿಸುವವನು, ಅವಳು ಬ್ಲೌಸ್ ಹೊಲಿಯುವವಳು. ಯಾರ ಮನೆಗೆ ಹೋದರೂ ಮಾದಯ್ಯ ಮೊದಲು ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದ, ಮನೆಯವರನ್ನು ಮಾತಾಡಿಸುವುದು ಆಮೇಲೆ. ಒಂದು ದಿನ ಕೆಲಸದ ಸ್ಟೂಲಿನಿಂದ ಜಾರಿ ಎಡಗೈಯ ಮಣಿಕಟ್ಟು ಮುರಿದುಕೊಂಡ. ಮೂಳೆ ಕೂಡಿತು, ಬಲ ಬರಲಿಲ್ಲ. ಕಾಫಿ ಲೋಟ ಹಿಡಿಯಲು ಆ ಕೈ ಸಾಕಾಗುತ್ತಿತ್ತು, ಪಟ್ಟಿ ಒತ್ತಿ ಹಿಡಿಯಲು ಸಾಲುತ್ತಿರಲಿಲ್ಲ.

"ನಾನು ಬತ್ತೀನಿ, ಪಟ್ಟಿ ನಾನು ಹಿಡ್ಕತೀನಿ, ನೀವು ಕತ್ತರ್ಸಿ" ಎಂದು ಚಿಕ್ಕತಾಯಿ ಹೊಲಿಗೆ ಬಿಟ್ಟು ಅವನ ಜೊತೆ ಹೊರಟಳು. ಎರಡು ಮನೆ ಹಾಗೇ ಮುಗಿಸಿದರು. ಮೂರನೆಯ ಕಡೆ ಒಬ್ಬ ಮೇಸ್ತ್ರಿ ಎಲ್ಲರ ಎದುರು, "ಏನ್ ಮಾದಯ್ಯ, ಹೆಂಡ್ರುನ ಮನೇಲಿ ಬುಟ್ಟು ಬರಕಾಗಲ್ವಾ?" ಎಂದ. ಅಲ್ಲಿದ್ದವರೆಲ್ಲ ನಕ್ಕರು. ಮಾದಯ್ಯನೂ ನಕ್ಕ. ಮನೆಗೆ ಬಂದು ಚಪ್ಪಲಿ ಬಿಡುವಾಗ ಮಾತ್ರ, "ನಾಳೆಯಿಂದ ನೀನು ಬರ್ಬೇಡ" ಎಂದ. ಮಾರನೆಯ ದಿನ ಅವನೂ ಹೋಗಲಿಲ್ಲ. ಯಾವುದೋ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಇದೆಯಂತೆ, ಕುರ್ಚಿ ಮೇಲೆ ಕೂತರಾಯಿತಂತೆ ಎನ್ನತೊಡಗಿದ.

ಆ ಕುರ್ಚಿಯ ಮಾತು ಕೇಳಿದಾಗೆಲ್ಲ ಚಿಕ್ಕತಾಯಿ ಹೊಲಿಗೆ ನಿಲ್ಲಿಸಿ ಅವನ ಅಂಗೈ ನೋಡುತ್ತಿದ್ದಳು. ಗೋಡೆ ಸವರದೆ ಈ ಮನುಷ್ಯ ಬಾಡಿಹೋಗುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಹೇಳಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಬ್ಲೌಸಿನ ತೋಳು ಹೊಲಿಯುತ್ತಿದ್ದವಳು ಮೆಷಿನ್ ನಿಲ್ಲಿಸಿದಳು. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ಇಲ್ನೋಡಿ. ಬಟ್ಟೆನ ಇದು ಹಿಡ್ಕತದೆ, ಅದುಕ್ಕೇ ನನ್ ಕೈ ಬುಡುವಾಗಿರೋದು. ನಿಮ್ ಪೇಪರ್ನೂ ಹಿಂಗೇ ಯಾವುದಾರು ಒಂದು ಹಿಡ್ಕಬಾರ್ದಾ?"

"ಗೋಡೆ ಮೇಲೆ ಮೆಷಿನ್ ಓಡಿಸ್ತೀಯಾ?" ಎಂದ ಮಾದಯ್ಯ. ಬಹಳ ದಿನದ ಮೇಲೆ ಅವನ ಬಾಯಲ್ಲಿ ತಮಾಷೆಯ ಮಾತು ಬಂದಿತ್ತು. ಅಷ್ಟು ಸಾಕಾಯಿತು ಅವಳಿಗೆ. ಹಳೆಯ ಪಾದವೊಂದು, ಪುಟ್ಟಿಯ ಪಟ್ಟಿ, ಮುರಿದ ಲಟ್ಟಣಿಗೆ ಮೂರನ್ನೂ ಚೀಲಕ್ಕೆ ಹಾಕಿಕೊಂಡು ದಸ್ತಗೀರ್ ಸಾಬರ ಅಂಗಡಿಗೆ ನಡೆದಳು. ಅವಳ ಮೆಷಿನ್ ರಿಪೇರಿ ಮಾಡುತ್ತಿದ್ದವರು ಅವರೇ.

ಸಾಬರು ಕನ್ನಡಕ ಹಣೆಗೇರಿಸಿ ಎಲ್ಲ ಕೇಳಿಸಿಕೊಂಡರು. "ಕೋಳಿಗೆ ಹಲ್ಲು ಕಟ್ಟು ಅಂತೀಯಲ್ಲಮ್ಮಾ" ಎಂದರು. ಹಾಗೆನ್ನುತ್ತಲೇ ಪಟ್ಟಿಯನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ ರಂಧ್ರ ಕೊರೆಯಲು ಶುರುಮಾಡಿದ್ದರು. ಹೀಗೆ ನಾನು ಹುಟ್ಟಿದೆ, ಬೆಸುಗೆಯ ಕಿಡಿಗಳ ನಡುವೆ, ಇಬ್ಬರ ವಾದ ಕೇಳುತ್ತ.

ಹುಟ್ಟಿದ ಕೂಡಲೇ ಕಸುಬು ಬಂದೀತೇ? ಮೊದಲ ಸಲ ನನಗೆ ಬ್ಲೇಡು ಮುಂದೆ, ಪಾದ ಹಿಂದೆ ಇತ್ತು. ಬಚ್ಚಲುಮನೆಯ ಬಾಗಿಲಿಗೆ ಹಳೆಯ ಕಾಗದದ ತುಂಡು ಅಂಟಿಸಿ ಮಾದಯ್ಯ ಎಳೆದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು ನನ್ನ ಪಾಡು. ಬ್ಲೇಡಿನ ಮುಂದೆ ಕಾಗದ ನೆರಿಗೆಗಟ್ಟಿ ಚಿಂದಿಯಾಯಿತು. "ಹಿಡಿಯೋದು ಮೊದ್ಲು, ಕತ್ತರಿಸೋದು ಆಮೇಲೆ" ಎಂದು ಚಿಕ್ಕತಾಯಿ ಮತ್ತೆ ಚೀಲ ಹಿಡಿದಳು. ಸಾಬರು ಪಾದವನ್ನು ಮುಂದಕ್ಕೆ ತಂದರು, ಮೇಲೊಂದು ಸ್ಪ್ರಿಂಗ್ ಕೂರಿಸಿದರು. ಪಾದಕ್ಕೆ ಎರಡು ಬೆರಳಿದ್ದವು. ಒಂದು ಗೋಡೆಯಲ್ಲಿ ಉಳಿಯುವ ಕಾಗದವನ್ನು ಒತ್ತಬೇಕು, ಇನ್ನೊಂದು ಕತ್ತರಿಸಿ ಬೀಳುವ ಕಾಗದವನ್ನು. ಅವೆರಡರ ನಡುವೆ ಬ್ಲೇಡು ಹಿಂಬಾಲಿಸಿ ಬರಬೇಕು.

ಈ ಸಲ ಮಾದಯ್ಯ ಬಲಗೈ ಒಂದರಲ್ಲೇ ಎಳೆದ, ನಾನು ಹೋದೆ. ಗೇಣುದ್ದ ನೇರವಾಗಿ ಹೋದೆ. ಅವನು ಆ ಅಂಚನ್ನು ಹೆಬ್ಬೆರಳಿಂದ ಸವರಿದ. ಕಣ್ಣು ಒದ್ದೆಯಾದದ್ದನ್ನು ನಾನು ಕೆಳಗಿನಿಂದ ನೋಡಿದೆ. ಅಂಟು ಸಿಡಿಯಿತು ಎಂದು ಅವನೇ ಹೇಳಿಕೊಂಡ.

ಆದರೂ ಅಲ್ಲಲ್ಲಿ ನಾನು ಕಾಗದವನ್ನು ಕಚ್ಚಿ ಹರಿಯುತ್ತಿದ್ದೆ. ಬ್ಲೇಡು ಮೊಂಡಾಯಿತು, ಅಂಟು ನೀರಾಯಿತು, ಬಾಗಿಲು ಉಬ್ಬಿದೆ ಎಂದು ಅವರು ಕಾರಣ ಹುಡುಕಿದರು. ನಾನೂ ಒಪ್ಪಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನ್ನ ಜಾತಿಯವಳೇ ಇರಬೇಕು ಅವಳು.

ಆಗಲೇ ವಿಮಲಾಕ್ಷಮ್ಮನವರ ಮನೆಯ ಕೆಲಸ ಬಂತು. ಚಿಕ್ಕತಾಯಿಯ ಬಳಿ ಬ್ಲೌಸ್ ಹೊಲಿಸುವವರು. ಭಾನುವಾರ ಮಗಳ ಸೀಮಂತ, ಅಷ್ಟರೊಳಗೆ ಹಾಲಿನ ಒಂದು ಗೋಡೆಗೆ ಕಾಗದ ಹಚ್ಚಿಕೊಡಬೇಕು. ವಿಜಯದಶಮಿ ಒಳ್ಳೆಯ ದಿನ, ಅಂದೇ ಶುರುಮಾಡಿ ಎಂದರು. ಮಾದಯ್ಯ ಒಪ್ಪಿಕೊಂಡ. "ಇದೊಂದು ನೋಡ್ತೀನಿ. ಆಗ್ಲಿಲ್ಲಾಂದ್ರೆ ವಾಚ್‌ಮನ್ ಕೆಲಸಕ್ಕೆ ಹೋಗ್ಬುಡ್ತೀನಿ, ಆಮೇಲೆ ಏನೂ ಹೇಳ್ಬೇಡ" ಎಂದ.

ಅದರ ಹಿಂದಿನ ದಿನ ಆಯುಧಪೂಜೆ. ಹೊಲಿಗೆ ಮೆಷಿನ್, ಕತ್ತರಿ, ಬ್ರಷ್ಷು, ಬಕೆಟ್ಟು ಎಲ್ಲ ಸಾಲಾಗಿ ಕೂತಿದ್ದವು. ನನಗೆ ಮಾತ್ರ ಮಣೆ. ಚಿಕ್ಕತಾಯಿ ನನ್ನ ಹಿಡಿಗೆ ಅರಿಶಿನ ಹಚ್ಚಿ, ಪಾದಕ್ಕೆ ಧಾರಾಳವಾಗಿ ಕುಂಕುಮ ಇಟ್ಟು, ಸೇವಂತಿಗೆ ಹೂ ಸಿಕ್ಕಿಸಿ ಕೈಮುಗಿದಳು. "ನಿನ್ ಕಾಲಿಗೆ ಬಿದ್ದೆ, ಮಾನ ಉಳ್ಸಪ್ಪ" ಎಂದಳು. ನನಗೆ ಗರ್ವ ಬಂತು, ಸುಳ್ಳೇಕೆ ಹೇಳಲಿ.

ಮಾರನೆಯ ಬೆಳಿಗ್ಗೆ ಮಾದಯ್ಯ ಹೂ ತೆಗೆದು, ಮೇಲೆ ಮೇಲೆ ಒರೆಸಿ, ನನ್ನನ್ನು ಚೀಲಕ್ಕೆ ಹಾಕಿಕೊಂಡ. ಪೂಜೆಯ ಕುಂಕುಮವನ್ನು ತಿಕ್ಕಿ ತೊಳೆಯಲು ಯಾರಿಗೆ ಮನಸ್ಸು ಬರುತ್ತದೆ? ವಿಮಲಾಕ್ಷಮ್ಮನವರ ಕಾಗದ ಕೆನೆಬಣ್ಣದ್ದು, ಅದರ ಮೇಲೆ ತಿಳಿಹಸಿರು ಎಲೆಗಳು. ಕಾಗದದ ಮೊದಲ ಪಟ್ಟಿ ಅಂಟಿಸಿ, ಸವರಿ, ಮಾದಯ್ಯ ನನ್ನನ್ನು ಇಟ್ಟು ಎಳೆದ. ಒದ್ದೆ ಅಂಟು ತಾಗಿದ್ದೇ ತಡ, ನನ್ನ ಪಾದದ ಕುಂಕುಮ ಕರಗಿ ಕೆನೆಬಣ್ಣದ ಮೇಲೆ ಉದ್ದಕ್ಕೂ ಕೆಂಪು ಗೆರೆ ಎಳೆಯಿತು. ಒರೆಸಿದರೆ ಇನ್ನಷ್ಟು ಹರಡಿತು. ಸಾಲದ್ದಕ್ಕೆ ತುದಿಯಲ್ಲಿ ಹೆಬ್ಬೆರಳಗಲ ಹರಿದೂಹೋಯಿತು.

ವಿಮಲಾಕ್ಷಮ್ಮ ಕಾಫಿ ಹಿಡಿದುಕೊಂಡು ಬಂದವರು ನೋಡಿ, "ಇದೇನು ಮಾದಯ್ಯ, ಗೋಡೆಗೂ ಕುಂಕುಮ ಇಟ್ಟಿದೀರಾ?" ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಮಾದಯ್ಯನಿಗೆ ಮಾತ್ರ ಆ ಮೇಸ್ತ್ರಿಯ ನಗುವೇ ಕೇಳಿಸಿರಬೇಕು. ಕೆಟ್ಟ ಪಟ್ಟಿಯನ್ನು ಬಿಚ್ಚಿ ಸುತ್ತಿಕೊಂಡು, ಕತ್ತರಿಸಿ ಬಿದ್ದ ತುಂಡನ್ನೂ ಬಕೆಟ್ಟಿಗೆ ಹಾಕಿಕೊಂಡು, "ನಾಳೆ ಬಂದು ಹೇಳ್ತೀನಮ್ಮ" ಎಂದು ಹೊರಟುಬಿಟ್ಟ. ಕಾಫಿ ಕುಡಿಯಲಿಲ್ಲ.

ಮನೆಗೆ ಬಂದವನು ನನ್ನನ್ನು ಮೂಲೆಗೆ ಎಸೆದ. "ನಿನ್ ಪೂಜೆ ನನ್ ಹೊಟ್ಟೆ ಮೇಲೆ ಹೊಡೀತಲ್ಲೇ! ಯಾರು ಹೇಳುದ್ರು ನಿಂಗೆ ಅಷ್ಟೊಂದು ಮೆತ್ತು ಅಂತ?" ಎಂದು ಕೂಗಾಡಿದ. ಆಮೇಲೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅಂದು ಮಧ್ಯಾಹ್ನ ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ನನ್ನಿಂದಲೇ ಹೀಗಾಯಿತಲ್ಲ ಎಂದು ನಾನು ಮೂಲೆಯಲ್ಲಿ ಕುಗ್ಗಿಹೋಗಿದ್ದೆ.

ಚಿಕ್ಕತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಬಕೆಟ್ಟಿನ ಬಳಿ ಕೂತಳು. ಹಾಳಾದ ಕಾಗದವನ್ನು ಬಿಸಾಡಲೆಂದು ತೆಗೆದವಳು, ಕೈ ತಡೆದು, ಅದನ್ನು ನೆಲದ ಮೇಲೆ ಹರವಿದಳು. ಕತ್ತರಿಸಿ ಬಿದ್ದ ತುಂಡನ್ನು ಅದರ ಪಕ್ಕಕ್ಕೆ ಜೋಡಿಸಿದಳು. ಹೊಲಿಯುವವಳ ಅಭ್ಯಾಸ ಅದು, ಎರಡು ತುಂಡು ಕಂಡರೆ ಕೂಡಿಸಿ ನೋಡದೆ ಬಿಡಲಾರಳು. ಬಹಳ ಹೊತ್ತು ನೋಡಿದಳು.

"ಬನ್ನಿ ಇಲ್ಲಿ."

ಅವನು ಅಲುಗಲಿಲ್ಲ.

"ಬೈದಿದ್ದು ಸಾಕು, ಬಂದು ನೋಡಿ ಅಂದೆ. ಉಳಿಯೋ ಕಡೆ ಪೂರ್ತಿ ಕೆಂಪಾಗಿ ಅದೆ. ಬೀಳೋ ತುಂಡುನಲ್ಲಿ ಕೆಂಪೇ ಇಲ್ಲ. ಯಾಕೆ ಹೇಳಿ? ಆ ಕಡೆ ಬೆರಳು ಪೇಪರ್ನ ಮುಟ್ಟೇ ಇಲ್ಲ! ಹಿಡಿಯೋರಿಲ್ದೆ ಅದು ಪಟಪಟ ಅಂದು ಹರೀತಾ ಅದೆ."

ಮಾದಯ್ಯ ಎದ್ದು ಬಂದ. ಕುಕ್ಕರುಗಾಲಲ್ಲಿ ಕೂತು ಎರಡೂ ತುಂಡು ನೋಡಿದ. ಕೆಂಪಿರುವ ಕಡೆ ಅಂಚು ಭದ್ರವಾಗಿ ಕೂತಿತ್ತು, ಕೆಂಪಿಲ್ಲದ ಕಡೆಯಿಂದಲೇ ಹರಿಯಲು ಶುರುವಾಗಿತ್ತು. ಬ್ಲೇಡೂ ಅಲ್ಲ, ಅಂಟೂ ಅಲ್ಲ, ನನ್ನ ಪಾದವೇ ಕೂದಲೆಳೆಯಷ್ಟು ಓರೆ. ಬರಿಗಣ್ಣಿಗೆ ಕಾಣದ ನನ್ನ ಊನವನ್ನು ಕುಂಕುಮ ಬರೆದು ತೋರಿಸಿತ್ತು. ಅವನು ಮೂಲೆಯಿಂದ ನನ್ನನ್ನು ಎತ್ತಿಕೊಂಡು ಪಂಚೆಯ ತುದಿಯಿಂದ ಧೂಳು ಒರೆಸಿದ. ಅದು ಅವಳಲ್ಲಿ ಕೇಳಿದ ಕ್ಷಮೆ ಎಂದು ನನಗೂ ತಿಳಿಯಿತು, ಅವಳಿಗೂ ತಿಳಿಯಿತು.

ಸಂಜೆ ಸಾಬರ ಅಂಗಡಿಯಲ್ಲಿ ಮೂವರೂ ನನ್ನ ಸುತ್ತ ಕೂತರು. ಚಿಕ್ಕತಾಯಿ ಪಾದಕ್ಕೆ ಕುಂಕುಮ ಹಚ್ಚುವಳು, ಮಾದಯ್ಯ ಒದ್ದೆ ಕಾಗದದ ಮೇಲೆ ಎಳೆಯುವನು, ಎಲ್ಲಿ ಕೆಂಪು ದಟ್ಟವೋ ಅಲ್ಲಿನ ಉಬ್ಬನ್ನು ಸಾಬರು ಅರ ಹಾಕಿ ಸವೆಸುವರು. ಮತ್ತೆ ಕುಂಕುಮ, ಮತ್ತೆ ಕಾಗದ, ಮತ್ತೆ ಅರ. "ಮೇಲಿರೋನು ತಪ್ಪು ಇಲ್ಲಿದೆ ಅಂತ ಬೆರಳಿಟ್ಟು ತೋರಿಸಿದಾನೆ, ನೀನು ಮನೇಲಿ ಕೂತು ಬೈತಾ ಇದೀಯಲ್ಲ ಮಾದಯ್ಯ" ಎಂದು ಸಾಬರು ಛೇಡಿಸಿದರು. ಕೊನೆಗೆ ಎರಡು ಬೆರಳೂ ಒಂದೇ ಸಮ ಕೆಂಪು ಗೆರೆ ಎಳೆದವು. ಆಮೇಲೆ ಚಿಕ್ಕತಾಯಿ ನನ್ನನ್ನು ಸೋಪು ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದಿಯೆಲ್ಲ ತಿಕ್ಕಿ ತೊಳೆದಳು. ಹೊಸದಾಗಿ ಹುಟ್ಟಿದ ಹಾಗಾಯಿತು ನನಗೆ.

ಮರುದಿನ ಮಾದಯ್ಯ ಹೆಚ್ಚಿಗೆ ತಂದಿದ್ದ ರೋಲಿನಿಂದ ಕೆಟ್ಟ ಪಟ್ಟಿಯ ಜಾಗಕ್ಕೆ ಬೇರೆ ಹಚ್ಚಿ, ಒಬ್ಬನೇ ಆ ಗೋಡೆಯನ್ನು ಮುಗಿಸಿದ. ನಾನು ಎಲ್ಲೂ ಕಚ್ಚಲಿಲ್ಲ. ವಿಮಲಾಕ್ಷಮ್ಮನ ಬಸುರಿ ಮಗಳು ಬಂದು ಅಂಚಿನ ಮೇಲೆ ಬೆರಳಾಡಿಸಿ, "ಅಂಟಿಸಿರೋದೇ ಗೊತ್ತಾಗಲ್ಲ ಅಲ್ವಾ ಅಮ್ಮಾ" ಎಂದಳು. ಈ ಸಲ ಅವನು ಕಾಫಿ ಕುಡಿದ, ಎರಡು ಲೋಟ.

ಮನೆಗೆ ಬಂದು ಹೆಂಡತಿಯನ್ನು ಹೊಗಳಿದನೇ? ಅಷ್ಟು ಮಾತು ಬರುವ ಗಂಡಸಲ್ಲ ಅವನು. ಕತ್ತರಿಸಿ ಬಿದ್ದ ಕಾಗದವನ್ನು ಜೇಬಿನಿಂದ ತೆಗೆದು ಅವಳ ಮೆಷಿನ್ ಮೇಲಿಟ್ಟ. ಎಲ್ಲೂ ತುಂಡಾಗದೆ ಉದ್ದಕ್ಕೆ ರಿಬ್ಬನ್ನಿನಂತೆ ಬಂದಿತ್ತು. ಅವಳು ಅದನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು.

ಆಮೇಲಿನ ವರ್ಷಗಳು ನನ್ನ ಒಳ್ಳೆಯ ವರ್ಷಗಳು. ಎಷ್ಟೋ ಮಲಗುವ ಕೋಣೆ, ಎಷ್ಟೋ ಹೋಟೆಲ್, ಒಂದು ಮಕ್ಕಳ ದಂತವೈದ್ಯರ ಕ್ಲಿನಿಕ್ಕು ನೋಡಿದೆ. ಸಾಬರು ನನ್ನ ಹಾಗೇ ಐದಾರು ತಮ್ಮಂದಿರನ್ನು ಮಾಡಿ ಬೇರೆಯವರಿಗೂ ಕೊಟ್ಟರು, ಒಬ್ಬೊಬ್ಬರನ್ನೂ ಕುಂಕುಮ ಹಚ್ಚಿಯೇ ಪರೀಕ್ಷಿಸಿದರು. ಮಾದಯ್ಯನ ಮೊಣಕಾಲು ಏಣಿ ಹತ್ತಲು ಒಲ್ಲೆ ಎಂದಾಗ ಅವನು ನನ್ನನ್ನು ಜೊತೆಗಾರ ಬೋರಯ್ಯನಿಗೆ ಕೊಟ್ಟ. ಬೋರಯ್ಯನಿಗೆ ಎರಡು ಕೈಯೂ ಗಟ್ಟಿ, ನನ್ನ ಹಂಗು ಅವನಿಗೇಕೆ? ನನ್ನಿಂದ ಪೇಂಟ್ ಡಬ್ಬಿಯ ಮುಚ್ಚಳ ತೆಗೆದ, ಮೊಳೆ ಕಿತ್ತ, ಕೊನೆಗೆ ಗುಜರಿಗೆ ಹಾಕುವ ಚೀಲಕ್ಕೆ ತಳ್ಳಿದ. ಅವನ ಮನೆಗೆ ಬ್ಲೌಸ್ ಕೊಡಲು ಬಂದ ಚಿಕ್ಕತಾಯಿ ಚೀಲದಲ್ಲಿ ಇಣುಕುತ್ತಿದ್ದ ನನ್ನನ್ನು ಕಂಡು, ಯಾರನ್ನೂ ಕೇಳದೆ ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದಳು. ಅದು ಕಳವೆಂದು ಯಾರಾದರೂ ಅಂದರೆ ಅನ್ನಲಿ.

ಈಗ ನಾನು ಅವಳ ಮೆಷಿನ್ ಪಕ್ಕದ ಗೂಡಿನಲ್ಲಿದ್ದೇನೆ. ಸ್ಪ್ರಿಂಗ್ ಸಡಿಲವಾಗಿದೆ, ಆದರೂ ಹಿಡಿತ ಹೋಗಿಲ್ಲ. ಹೋದ ತಿಂಗಳು ಮೆಷಿನ್ ಹಿಂದಿನ ಗೋಡೆಯ ಸುಣ್ಣ ಉದುರಿ ಗಿರಾಕಿಗಳ ಬಟ್ಟೆ ಮೇಲೆ ಬೀಳುತ್ತದೆ ಎಂದು ಚಿಕ್ಕತಾಯಿ ಗೊಣಗಿದಳು. ಮಾದಯ್ಯ ಅಟ್ಟದಿಂದ ಉಳಿದ ರೋಲೊಂದನ್ನು ಇಳಿಸಿ, ಅಂಟು ಕಲಸಿದ. ನೆಲದ ಮೇಲೆ ನಿಂತು ಕೈಗೆಟುಕುವಷ್ಟು ಎತ್ತರಕ್ಕೆ ಕಾಗದ ಹಚ್ಚಿದ. ನನ್ನನ್ನು ಗೂಡಿನಿಂದ ತೆಗೆದುಕೊಂಡ. ಕಾಗದದ ಮೇಲೆ ನನ್ನ ಪಾದ ಇಳಿಸುವ ಬದಲು ಅದನ್ನು ಮೇಲೆತ್ತಿ ನನ್ನ ಮೈಮೇಲಿನ ಕೊಕ್ಕೆಗೆ ಸಿಕ್ಕಿಸಿದ, ಕೆಲಸಕ್ಕೆ ಬ್ಲೇಡು ಮಾತ್ರ ಉಳಿಯಿತು.

"ಚಿಕ್ಕತಾಯಿ, ಬಾ. ಪೇಪರ್ ಹಿಡ್ಕ."

ಗುಂಡಿ ಹೊಲಿಯುತ್ತಿದ್ದವಳು ತಲೆಯೆತ್ತಿದಳು. "ಯಾಕೆ? ಅದು ಹಿಡ್ಕಳಲ್ವಾ?"

"ಹಿಡ್ಕತದೆ" ಎಂದ ಮಾದಯ್ಯ. "ನೀನು ಹಿಡ್ಕ."

ಬಾಗಿಲು ತೆರೆದಿತ್ತು, ಎದುರುಮನೆಯವರು ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದು ಬಂದು, ಎರಡೂ ಅಂಗೈಯಿಂದ ಕಾಗದವನ್ನು ಗೋಡೆಗೆ ಒತ್ತಿದಳು. ಅವನು ಅವಳ ಬೆರಳಿನ ಪಕ್ಕದಲ್ಲೇ ನನ್ನನ್ನು ನಿಧಾನವಾಗಿ ಎಳೆದ.

ನನಗೆ ಬೇಜಾರಾಯಿತೇ ಎಂದು ಕೇಳಬೇಡಿ. ನಾನು ಹುಟ್ಟಿದ್ದು ಅವನು ಯಾರ ಹಂಗೂ ಇಲ್ಲದೆ ಕೆಲಸ ಮಾಡಲಿ ಎಂದು. ಮಾಡಿದ, ಇಷ್ಟು ವರ್ಷ ಮಾಡಿದ. ಈಗ ಎಲ್ಲರೆದುರು ನಾಚದೆ ಅವಳನ್ನು ಕರೆಯುವಷ್ಟು ಬಲ ಅವನಿಗೆ ಬಂದಿತ್ತು.