ಕರಡವಾಡಿಯ ಸಪ್ಪಳ

ವಿದ್ಯಾವತಿ ಗಡಿಯಾಚೆಯ ಉಮರ್ಗಾದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಭಾಲ್ಕಿ ಕಡೆಯ ಹೆಣ್ಣು. ಹೈವೇ ಪಕ್ಕದಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ ವಿರೂಪಾಕ್ಷನ ಕೈಹಿಡಿದು ಈ ಊರಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಪಾಠ ಮುಗಿಸಿ ಮನೆಗೆ ಬಂದವಳು ಕೈಕಾಲು ತೊಳೆದು ದಿನವೂ ಎರಡು ಗಂಟೆ ಲ್ಯಾಪ್‌ಟಾಪಿನ ಮುಂದೆ ಕೂಡುತ್ತಿದ್ದಳು.

ಪಿಎಚ್‌ಡಿಗೆಂದು ಅವಳು ಹಿಡಿದದ್ದು ಆಕಾಶದ ಒಂದು ಡಿಕ್ಕಿಯನ್ನು. ನೂರಾರು ಗ್ಯಾಲಕ್ಸಿಗಳ ಒಂದು ಸಮೂಹ ಅಷ್ಟೇ ದೊಡ್ಡ ಇನ್ನೊಂದು ಸಮೂಹದೊಳಗೆ ನುಗ್ಗಿತ್ತು. ಸಾಮಾನ್ಯ ದುರ್ಬೀನಿನಲ್ಲಿ ನೋಡಿದರೆ ಅಲ್ಲಿ ಏನೂ ನಡೆದಂತಿರಲಿಲ್ಲ. ಗ್ಯಾಲಕ್ಸಿಗಳು ಒಂದಕ್ಕೊಂದು ತಾಕದೆ ಸರಿದುಹೋಗಿದ್ದವು. ಬಡಿದಾಡಿಕೊಂಡದ್ದು ಅವುಗಳ ನಡುವೆ ತುಂಬಿದ್ದ ಕಾಣದ ಬಿಸಿ ಅನಿಲ. ರೇಡಿಯೋ ಅಲೆಗಳಲ್ಲಿ ನೋಡಿದಾಗ ಮಾತ್ರ ನಡುವೆ ಮಂಜಿನಂಥ ಹೊಳಪು, ದೂರದ ಅಂಚಿನಲ್ಲಿ ಕುಡುಗೋಲಿನಂತೆ ಬಾಗಿದ ಒಂದು ತೆಳು ಗೆರೆ ಕಾಣುತ್ತಿತ್ತು. ಡಿಕ್ಕಿಯ ಆಘಾತ ಹೊರಕ್ಕೆ ನುಗ್ಗುತ್ತಿರುವ ಜಾಗ ಅದು. ಆ ಗೆರೆಯನ್ನು ಮೊದಲು ಕಂಡವಳು ವಿದ್ಯಾವತಿ. ಪುಣೆಯ ಅವಳ ಗೈಡ್ ಋಷಿಕೇಶರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. "ಇನ್ನೊಮ್ಮೆ ತಪಾಸು ಮಾಡು, ಅವಸರ ಬೇಡ" ಎಂದು ಎರಡು ಸಲ ಹಿಂದಕ್ಕೆ ಕಳಿಸಿದ್ದರು.

ಫೆಬ್ರವರಿಯ ವಿಜ್ಞಾನ ದಿನಕ್ಕೆ ನಿಲಂಗಾದ ಒಂದು ಶಾಲೆಯವರು ಅವಳನ್ನು ಕರೆದರು. ಮಕ್ಕಳೂ ಅವರ ಮನೆಯವರೂ ಬರುತ್ತಾರೆಂದು ಕೇಳಿ, ಬರೀ ಚಿತ್ರ ತೋರಿಸಿದರೆ ಸಾಲದು ಅನ್ನಿಸಿ, ಅವಳು ಆ ರೇಡಿಯೋ ಚಿತ್ರವನ್ನು ಸದ್ದಾಗಿ ಮಾಡಿಕೊಂಡು ಹೋದಳು. ಚಿತ್ರದ ಎಡದಿಂದ ಬಲಕ್ಕೆ ಸರಿಯುತ್ತ, ಹೊಳಪು ಹೆಚ್ಚಿದಲ್ಲಿ ಸದ್ದು ಹೆಚ್ಚಬೇಕು. ಯಾವ ಸ್ವರವನ್ನಾದರೂ ಇಡಬಹುದಿತ್ತು. ಕೇಳುವವರ ಎದೆಗೆ ನಾಟಲೆಂದು ಅವಳು ತೀರ ಕೆಳಗಿನ, ನಗಾರಿಯ ಹೊಟ್ಟೆಯಿಂದ ಬರುವಂಥ ಗುಡುಗನ್ನು ಆರಿಸಿಕೊಂಡಳು.

ಶಾಲೆಯ ದೊಡ್ಡ ಸ್ಪೀಕರಿನಲ್ಲಿ ಅದು ಹೊರಟಾಗ ಕಿಟಕಿಯ ಸರಳುಗಳು ಸಣ್ಣಗೆ ನಡುಗಿದವು. ಗುಡುಗು ಏರಿತು, ಇಳಿಯಿತು. ಗೆರೆಯ ಜಾಗ ಬಂದಾಗ ಧಡ್ ಎಂದು ಬಡಿಯಿತು.

ನಾಲ್ಕನೆಯ ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಎದ್ದು ನಿಂತಳು. ಹಣೆಯಲ್ಲಿ ವಿಭೂತಿ, ಮೊಮ್ಮಗಳು ಮಾಡಿದ ಮಾದರಿ ನೋಡಲೆಂದು ಬಂದವಳು.

"ಬಂದ್ ಮಾಡ್ರೀ ಅದಕ್ಕ! ಇದ ಆವಾಜ. ನಮ್ಮೂರಾಗ ನೆಲದಾಗಿಂದ ಬರ್ತದಲ್ಲ, ಇದ ಅದು!"

ಅವಳ ಹೆಸರು ಸರುಬಾಯಿ, ಊರು ಔರಾದ ಶಹಾಜನಿಯ ಹಾದಿಯಲ್ಲಿರುವ ಕರಡವಾಡಿ. ಒಂದು ತಿಂಗಳಿಂದ ಆ ಊರಿನ ನೆಲ ಆಗಾಗ ಗುಡುಗುತ್ತಿತ್ತು. ಅಧಿಕಾರಿಗಳು ಬಂದು ನೆಲದ ಕಂಪನ ಅಳೆಯುವ ಒಂದು ಯಂತ್ರವನ್ನು ಹೂಳಿ ಹೋಗಿದ್ದರು. ವರದಿ ಇನ್ನೂ ಬಂದಿರಲಿಲ್ಲ. ವಿದ್ಯಾವತಿ ಸದ್ದು ನಿಲ್ಲಿಸಿ, ಇದು ಆಕಾಶದ್ದು, ನೆಲದ್ದಲ್ಲ ಎಂದು ತಿಳಿಸಿ ಹೇಳಿದಳು. ಸಭೆ ನಕ್ಕಿತು. ಸರುಬಾಯಿ ನಗಲಿಲ್ಲ.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದ ಆ ಸದ್ದು ಮರುದಿನದ ಹೊತ್ತಿಗೆ ತಾಲೂಕಿನ ತುಂಬ ಓಡಾಡಿತು. ಜೊತೆಗೆ ಮರಾಠಿಯಲ್ಲಿ ನಾಲ್ಕು ಸಾಲು: ನಿಲಂಗಾದ ನೆಲದೊಳಗಿನ ಆವಾಜನ್ನು ಉಮರ್ಗಾದ ಮ್ಯಾಡಂ ಮಷೀನಿನಲ್ಲಿ ಹಿಡಿದಿದ್ದಾರೆ, ತೊಂಬತ್ತಮೂರರದ್ದಕ್ಕಿಂತ ದೊಡ್ಡದು ಬರಲಿದೆ. ತೊಂಬತ್ತಮೂರು ಎಂದರೆ ಈ ಭಾಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷದ ಭೂಕಂಪದಲ್ಲಿ ಮಣ್ಣು ಮೆತ್ತಿದ ಕಲ್ಲಿನ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದಿದ್ದವು. ಎರಡೇ ದಿನದಲ್ಲಿ ಕರಡವಾಡಿಯ ಹತ್ತಾರು ಕುಟುಂಬಗಳು ಟೆಂಪೋ ಹತ್ತಿ ಉದಗೀರದ ನೆಂಟರ ಮನೆ ಸೇರಿದವು.

"ಅಂಗಡಿಗಿ ಬಂದವರೆಲ್ಲ ನಂಗ ಅದನ್ನ ಕೇಳಕತ್ಯಾರ," ಎಂದ ವಿರೂಪಾಕ್ಷ. "ನಿನ್ನ ಹೆಸರಿನ ಮ್ಯಾಲ ನಡದದ. ನೀನೇ ಹೋಗಿ ಹೇಳಬೇಕು. ನಡಿ, ನಾ ಕರಕೊಂಡು ಹೋಗ್ತೀನಿ."

ಭಾನುವಾರ ಬೆಳಿಗ್ಗೆ ಗಂಡಹೆಂಡತಿ ಮೋಟಾರ್ ಸೈಕಲಿನಲ್ಲಿ ಹೊರಟರು. ಕರಡವಾಡಿಯೊಳಗೆ ಕಾಲಿಟ್ಟರು. ಬಾಗಿಲುಗಳಿಗೆ ಬೀಗ. ಬೀದಿಯಲ್ಲಿ ಪಾತ್ರೆಪಗಡಿ, ಟ್ರಂಕು. ತೊಗರಿ ಕೊಯ್ದ ಹೊಲಗಳಲ್ಲಿ ಸಾಲಾಗಿ ಮಂಚಗಳು. ದನಗಳನ್ನೂ ಕೊಟ್ಟಿಗೆಯಿಂದ ಬಿಡಿಸಿ ಬಯಲಿಗೆ ಕಟ್ಟಿದ್ದರು. ಇಷ್ಟೆಲ್ಲ ತಾನು ಆರಿಸಿದ ಒಂದು ಸ್ವರದಿಂದ ಆಯಿತಲ್ಲ ಎಂದು ಅವಳ ಮುಖ ಬಿಸಿಯಾಯಿತು.

ಮಠದ ಕಟ್ಟೆಯ ಮುಂದೆ ನಲವತ್ತು ಜನ ಸೇರಿದರು. ಅವಳು ಮನಸ್ಸು ಬಿಚ್ಚಿ ಮಾತಾಡಿದಳು.

"ಆ ಆವಾಜ ನಾನೇ ಕಂಪ್ಯೂಟರದಾಗ ಮಾಡಿದ್ದು. ಆಕಾಶದಾಗ ಕೋಟಿಗಟ್ಟಲೆ ವರ್ಷದ ಹಿಂದ ಆಗಿದ್ದು ಅದು. ಅಲ್ಲಿಂದ ಬರೋದು ರೇಡಿಯೋ ಅಲೆ, ಸಪ್ಪಳ ಅಲ್ಲ. ನಿಮ್ಮೂರಿಗೂ ಅದಕ್ಕೂ ಸಂಬಂಧ ಇಲ್ರಿ. ನಂದು ತಪ್ಪಾಗ್ಯಾದ, ಮಾಫ ಮಾಡ್ರಿ."

ಸರುಬಾಯಿಯ ಗಂಡ ಮಾಣಿಕಪ್ಪ ಮುಂದೆ ಬಂದ. ಹತ್ತೆಕರೆ ಹೊಲದ ರೈತ, ಮಾತು ಕಡಿಮೆ. "ಅದು ತಿಳೀತು ಮ್ಯಾಡಂ. ನಮ್ಮ ನೆಲದಾಗಿಂದು? ಅದಕ್ಕೇನಂತೀರಿ?"

ನನಗೆ ಗೊತ್ತಿಲ್ಲ ಎನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ನಲವತ್ತು ಜೊತೆ ಕಣ್ಣುಗಳು ಅವಳ ಬಾಯನ್ನೇ ನೋಡುತ್ತಿದ್ದವು. ಬೀದಿಗೆ ಬಿದ್ದ ಆ ಟ್ರಂಕುಗಳು ಮತ್ತೆ ಒಳಗೆ ಹೋಗುವುದನ್ನು ಕಂಡು ತಾನು ಹಗುರಾಗಿ ಮನೆಗೆ ಹೋಗಬೇಕೆಂಬ ಆಸೆ ಅವಳನ್ನು ಹಿಂಡುತ್ತಿತ್ತು.

"ಅದೂ ಏನಿಲ್ರಿ. ಮಳಿ ಹೆಚ್ಚಾದ ವರ್ಷ ನೆಲದಾಗಿನ ನೀರು ಸರದಾಡ್ತದ, ಅಷ್ಟ. ಘಾಬರಿ ಆಗಬ್ಯಾಡ್ರಿ. ಆರಾಮ ಮನ್ಯಾಗ ಇರ್ರಿ."

ಬಹಳ ಜನ ನಂಬದೆ ತಲೆ ಅಲ್ಲಾಡಿಸಿ ಹೊಲದ ಕಡೆಗೇ ನಡೆದರು. ಮಾಣಿಕಪ್ಪ ಮಾತ್ರ ಕೈ ಮುಗಿದ. ಚಹಾಕ್ಕೆ ಕರೆದೊಯ್ದು ತನ್ನ ಹಳೆಯ ಕಲ್ಲಿನ ಮನೆ ತೋರಿಸಿದ. ಅದರ ಅಂಗಳದಲ್ಲಿ ಒಂದು ತಗಡಿನ ಶೆಡ್ಡಿತ್ತು.

"ತೊಂಬತ್ತಮೂರರಾಗ ಈಕಿ ತಂಗಿ ಕಲ್ಲಿನ ಕೆಳಗ ಹೋದಳ್ರಿ," ಎಂದ, ಶೆಡ್ಡಿನ ಮುಂದೆ ನಿಂತಿದ್ದ ಹೆಂಡತಿಯತ್ತ ನೋಡಿ. "ಅಂದಿನಿಂದ ಸರು ಈ ಮನ್ಯಾಗ ಮಲಗಿಲ್ಲ. ಅಡಿಗಿ ಒಳಗ, ಮಲಗಾದು ಶೆಡ್ಡಿನಾಗ. ಮೂವತ್ತು ವರ್ಷದ ಮ್ಯಾಲಾತು. ಕೇಳ್ದೇನು ಸರು, ಮ್ಯಾಡಂ ಏನಂದ್ರು?"

ಸರುಬಾಯಿ ವಿದ್ಯಾವತಿಯ ಮುಖವನ್ನು ನೋಡಿದಳು. "ಓದಿದವರು ಹೇಳಿದ ಮ್ಯಾಲ ಖರೇನೇ ಇರಬೇಕು," ಎಂದಳು.

ಐದನೆಯ ದಿನ, ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಉಮರ್ಗಾದ ಪ್ರಯೋಗಶಾಲೆಯಲ್ಲಿ ಟ್ಯೂಬ್‌ಲೈಟುಗಳು ತೂಗಾಡಿದವು. ಮೂರು ಸೆಕೆಂಡು ಇರಬಹುದು. ಹುಡುಗಿಯರು ಕಿರುಚಿ ನಕ್ಕರು. ವಿದ್ಯಾವತಿ ಮೇಜು ಹಿಡಿದು ನಿಂತೇ ಇದ್ದಳು. ಅರ್ಧ ಗಂಟೆಯಲ್ಲಿ ವಿರೂಪಾಕ್ಷನ ಫೋನು ಬಂತು.

ಸಣ್ಣ ಭೂಕಂಪವಂತೆ. ಇಡೀ ತಾಲೂಕಿನಲ್ಲಿ ಬಿದ್ದದ್ದು ಕೆಲವೇ ಗೋಡೆಗಳು. ಕರಡವಾಡಿಯ ಜನ ಬಹುಪಾಲು ಬಯಲಲ್ಲಿದ್ದರು, ಅವರಲ್ಲಿ ಯಾರಿಗೂ ತರಚುಗಾಯವೂ ಆಗಿರಲಿಲ್ಲ. ಮಾಣಿಕಪ್ಪ ಹೊಲದಲ್ಲಿದ್ದ. ಸರುಬಾಯಿ ಊಟ ಮುಗಿಸಿ, ಶೆಡ್ಡಿನ ಸೆಕೆ ತಾಳದೆ, ಒಳಗೆ ಕಲ್ಲಿನ ಗೋಡೆಯ ತಂಪಿನಲ್ಲಿ ಅಡ್ಡಾಗಿದ್ದಳು. ಆ ಗೋಡೆ ಅವಳ ಮೇಲೆ ಬಿದ್ದಿತ್ತು.

ಉದಗೀರದ ಆಸ್ಪತ್ರೆಯಲ್ಲಿ ಅವಳ ಸೊಂಟದಿಂದ ಕೆಳಗೆ ಪಟ್ಟಿ ಸುತ್ತಿದ್ದರು. ಮಾಣಿಕಪ್ಪ ವಿದ್ಯಾವತಿಯನ್ನು ಕಂಡು ಎದ್ದು ಸ್ಟೂಲು ಬಿಟ್ಟುಕೊಟ್ಟ. "ಕೂಡ್ರಿ ಮ್ಯಾಡಂ. ಅಷ್ಟು ದೂರದಿಂದ ಬಂದೀರಿ." ಬೈದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು.

ಸರುಬಾಯಿ ಕಣ್ಣು ತೆರೆದಳು. "ನಿಮಗ ಗೊತ್ತಿತ್ತೇನ್ರಿ? ಏನೂ ಆಗಂಗಿಲ್ಲ ಅಂತ?"

"ಗೊತ್ತಿದ್ದಿಲ್ಲ."

"ಮತ್ತ ಯಾಕ ಹೇಳಿದ್ರಿ?"

ಸರುಬಾಯಿ ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದಳು. ಮೂರನೆಯ ದಿನ ಬೆಳಿಗ್ಗೆ ತೀರಿಹೋದಳು.

ಆ ವಾರವೇ ಋಷಿಕೇಶರ ಪತ್ರ ಬಂತು. ಬೇರೆ ತರಂಗಾಂತರದಲ್ಲಿಯೂ ಆ ಗೆರೆ ಕಂಡಿದೆ, ನೀನು ಹೇಳಿದ್ದೇ ನಿಜ, ಅಭಿನಂದನೆ ಎಂದಿದ್ದರು. ಮೂರು ಸಲ ತಪಾಸು ಮಾಡಿದ ಮೇಲೆ ಆಡಿದ ಮಾತು ಅದು. ಕಟ್ಟೆಯ ಮುಂದೆ ಆಡಿದ್ದನ್ನು ಅವಳು ಒಂದು ಸಲವೂ ತಪಾಸು ಮಾಡಿರಲಿಲ್ಲ. ಪತ್ರವನ್ನು ಮುಚ್ಚಿದಳು. ವಿರೂಪಾಕ್ಷನಿಗೂ ಹೇಳಲಿಲ್ಲ.

ಮಾಣಿಕಪ್ಪ ಮನೆಯ ಉಳಿದ ಗೋಡೆಗಳನ್ನು ಕೆಡವುತ್ತಿದ್ದಾನೆಂದು ಕೇಳಿ ಇಬ್ಬರೂ ಮತ್ತೆ ಕರಡವಾಡಿಗೆ ಹೋದರು. ಊರಿನ ಐದಾರು ಜನ ಸೇರಿ ಕಲ್ಲು ಇಳಿಸುತ್ತಿದ್ದರು. ಯಾರೂ ಅವಳನ್ನು ಮಾತಾಡಿಸಲಿಲ್ಲ, ಹೋಗು ಎನ್ನಲೂ ಇಲ್ಲ. ಅವಳು ಸೆರಗು ಸಿಕ್ಕಿಸಿ ಕಲ್ಲು ಹೊರತೊಡಗಿದಳು.

ಬಿಸಿಲೇರಿದ ಮೇಲೆ ಒಬ್ಬ ಹೆಂಗಸು ನೀರಿನ ತಂಬಿಗೆ ಕೊಡುತ್ತ ಕೇಳಿದಳು: "ಇನ್ನಾ ಬರ್ತದೇನ್ರಿ?"

"ನಂಗ ಗೊತ್ತಿಲ್ಲ," ಎಂದಳು ವಿದ್ಯಾವತಿ. "ಖರೇನೇ ಗೊತ್ತಿಲ್ಲ. ಹೊರಗ ಇರ್ರಿ."

ಆಗ ನೆಲ ಗುಡುಗಿತು. ಕಿವಿಗಿಂತ ಮೊದಲು ಅದು ಅಂಗಾಲಿಗೆ ಕೇಳಿಸಿತು. ದೂರದಲ್ಲಿ ಭಾರವಾದದ್ದೇನೋ ಹೊರಳಿದಂತೆ, ಉದ್ದಕ್ಕೆ, ನಿಲ್ಲದೆ. ತಂಬಿಗೆಯ ನೀರಿನಲ್ಲಿ ಉಂಗುರಗಳೆದ್ದವು. ಎತ್ತುಗಳು ಹಗ್ಗ ಜಗ್ಗಿದವು. ಯಾರೂ ಅಲುಗಲಿಲ್ಲ. ಎಲ್ಲರೂ ತಲೆ ತಗ್ಗಿಸಿ ತಮ್ಮ ಕಾಲ ಕೆಳಗಿನ ಕರಿ ಮಣ್ಣನ್ನೇ ನೋಡುತ್ತ ನಿಂತರು.

ಸದ್ದು ಕೊನೆಗೂ ಇಳಿಯಿತು. ಮಾಣಿಕಪ್ಪ ಬಗ್ಗಿ ಮುಂದಿನ ಕಲ್ಲಿಗೆ ಕೈ ಹಾಕಿದ. "ಹಿಡೀರಿ ಮ್ಯಾಡಂ," ಎಂದ, "ಇದು ಒಬ್ಬರಿಗೆ ಏಳಂಗಿಲ್ಲ."