ಕೂಡಿಸುವ ಆಟ

ಕಂಪ್ಯೂಟರ್ ಪ್ರೋಗ್ರಾಂ ಎಂದರೆ ಇಬ್ಬರ ನಡುವಿನ ಆಟ ಎನ್ನುವ ಗಣಿತ ನನ್ನ ತಲೆಗೆ ಹತ್ತಿರಲಿಲ್ಲ. ಸಂಶೋಧನೆ ಬಿಡುತ್ತೇನೆ ಎಂದು ಹೇಳಲು ನನ್ನ ಗೈಡ್ ಮೇಡಂ ಕೋಣೆಗೆ ಹೋದೆ. ಅವರು ಚಹಾದ ಲೋಟ ಬದಿಗಿಟ್ಟು, "ನೀನು ಕೂಡಿಸೋ ಪ್ರೋಗ್ರಾಂ, ನಾನು ಹೊರಗಿನ ಪ್ರಪಂಚ. ಉತ್ತರ ಎಷ್ಟಮ್ಮ?" ಎಂದರು.

"ಸಂಖ್ಯೆಗಳನ್ನೇ ಕೊಟ್ಟಿಲ್ವಲ್ಲ!"

"ಕೇಳು ಮತ್ತೆ. ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ."

"ಮೊದಲನೇದು?"

"ಮೂರು."

"ಎರಡನೇದು?"

"ನಾಲ್ಕು."

"ಹಾಗಾದ್ರೆ ಏಳು," ಎಂದೆ.

"ಯಾವಾಗ ಕೇಳಬೇಕು, ಯಾವಾಗ ಹೇಳಬೇಕು ಅನ್ನೋ ನಿನ್ನ ಈ ಜಾಣತನಾನೇ ಪ್ರೋಗ್ರಾಂನ ಅರ್ಥ."

ಬಿಡುವ ಮಾತು ಬಾಯಿಂದ ಹೊರಡಲೇ ಇಲ್ಲ.

ಇಪ್ಪತ್ತು ವರ್ಷಗಳ ಮೇಲೆ, ಅವರು ನಿವೃತ್ತರಾದ ದಿನ, ಪುಸ್ತಕಗಳನ್ನು ಕಟ್ಟಿಕೊಡುತ್ತಾ ಕೇಳಿದೆ: "ಅವತ್ತು ನಾನು ಯಾಕೆ ಬಂದಿದ್ದೆ ಅಂತ ಗೊತ್ತಿತ್ತಾ?"

"ನಿನ್ನ ಮುಖಾನೇ ಹೇಳ್ತಿತ್ತು. ಅದಕ್ಕೇ ನೀನು ಬಾಯಿ ಬಿಡೋಕೆ ಮುಂಚೆ ನಾನೇ ಪ್ರಶ್ನೆ ಕೇಳ್ದೆ."

ಖಾಲಿ ಕಪಾಟಿನ ಮುಂದೆ ನಿಂತು ಇಬ್ಬರೂ ಬಹಳ ಹೊತ್ತು ನಕ್ಕೆವು.